ಮಸಾಲೆ ಪುಡಿ ಎಲ್ಲಿಂದ ತಂದ್ರಿ? ಹ್ಯಾಶಿಂಗ್ ಸಂಖ್ಯೆಗಳ ಕಥೆ

ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡೋಣ: 3614090360. ಹತ್ತಂಕಿ ಇದೆ ಅಂತ ಡಯಲ್ ಮಾಡೋಕೆ ಹೋಗಬೇಡಿ. 1992ರಲ್ಲಿ ಅಮೆರಿಕದ ಎಂಐಟಿಯ ರೊನಾಲ್ಡ್ ರಿವೆಸ್ಟ್ ಪ್ರಕಟಿಸಿದ ಎಂಡಿ5 ಅನ್ನೋ ಹ್ಯಾಶಿಂಗ್ ವಿಧಾನದಲ್ಲಿ ಇಂಥ 64 ಸ್ಥಿರಾಂಕಗಳ ಪಟ್ಟಿ ಇದೆ. ಇದು ಅದರಲ್ಲಿ ಮೊದಲನೆಯದು.

ಹ್ಯಾಶಿಂಗ್ ಅಂದ್ರೆ, ಫೈಲ್ ಎಷ್ಟೇ ದೊಡ್ಡದಿರಲಿ, ಅದನ್ನು ಅರೆದು ಒಂದೇ ಅಳತೆಯ ಪುಟ್ಟ ಗುರುತು ತೆಗೆಯೋದು. ಫೈಲ್‌ನಲ್ಲಿ ಒಂದಕ್ಷರ ಬದಲಾದ್ರೂ ಗುರುತು ಪೂರ್ತಿ ಬದಲಾಗುತ್ತೆ. ಬ್ಯಾಂಕಿನ ವೆಬ್‌ಸೈಟ್ ಅಸಲಿಯೋ ನಕಲಿಯೋ ಅಂತ ನಿಮ್ಮ ಫೋನ್ ಪರೀಕ್ಷಿಸುವಾಗಲೂ ಈ ಕೆಲಸ ನಡೀತಿರುತ್ತೆ. ಅರೆಯುವಾಗ ಹಾಕೋ ಮಸಾಲೆ ಪುಡಿಯೇ ಈ ಸ್ಥಿರಾಂಕಗಳು. ಪುಡಿ ಕೊಟ್ಟವರು ಅದರಲ್ಲಿ ಏನು ಬೆರೆಸಿದ್ದಾರೆ ಅಂತ ನಮಗೆ ಗೊತ್ತಾಗೋದು ಹೇಗೆ?

ಈ ಅನುಮಾನ ಹಳೇದು. 1977ರಲ್ಲಿ ಅಮೆರಿಕ ಸರ್ಕಾರ ಡಿಇಎಸ್ ಅನ್ನೋ ಗೂಢಲಿಪಿ ಮಾನದಂಡ ತಂತು. ರೂಪಿಸಿದ್ದು ಐಬಿಎಂ, ಆದ್ರೆ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕೂಡ ಕೈ ಹಾಕಿತ್ತು. ಒಳಗಿದ್ದ ಸಂಖ್ಯೆಗಳ ಕೋಷ್ಟಕಗಳನ್ನು ಹೀಗೇ ಯಾಕೆ ಜೋಡಿಸಿದ್ರಿ ಅಂದ್ರೆ ಉತ್ತರ ಇಲ್ಲ. ಕಳ್ಳದಾರಿ ಇಟ್ಟಿದ್ದಾರೆ ಅಂತ ಎಲ್ಲರೂ ಗುಮಾನಿ ಪಟ್ಟರು. ತಮಾಷೆ ಏನಂದ್ರೆ, 1990ರ ಸುಮಾರಿಗೆ ಇಸ್ರೇಲಿನ ಬಿಹಾಮ್ ಮತ್ತು ಶಮೀರ್ ಹೊಸ ದಾಳಿಯೊಂದನ್ನು ಪ್ರಕಟಿಸಿದಾಗ, ಆ ಕೋಷ್ಟಕಗಳು ಅದನ್ನು ಚೆನ್ನಾಗಿಯೇ ತಡೆಯುತ್ತವೆ ಅಂತ ಗೊತ್ತಾಯ್ತು. ಈ ದಾಳಿ ನಮಗೆ ಮೊದಲೇ ಗೊತ್ತಿತ್ತು ಅಂತ 1994ರಲ್ಲಿ ಐಬಿಎಂನ ಕಾಪರ್‌ಸ್ಮಿತ್ ಬರೆದರು. ಅಂದ್ರೆ ಪುಡಿ ಒಳ್ಳೇದೇ ಇತ್ತು. ಬಾಯಿ ಬಿಡದೆ ಇದ್ದದ್ದಕ್ಕೆ ಹದಿನೈದು ವರ್ಷಕ್ಕೂ ಹೆಚ್ಚು ಅಪವಾದ.

ರಿವೆಸ್ಟ್ ದಾರಿ ಬೇರೆ. ಜಾದೂಗಾರ ಶುರುವಿನಲ್ಲೇ ಅಂಗಿ ತೋಳು ಮೇಲೇರಿಸಿ ಕೈ ಖಾಲಿ ಅಂತ ತೋರಿಸ್ತಾನಲ್ಲ, ಹಾಗೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿಟ್ಟು 1ರ ಸೈನ್ ತೆಗೀರಿ, 4294967296ರಿಂದ, ಅಂದ್ರೆ 2ರ 32ನೇ ಘಾತದಿಂದ ಗುಣಿಸಿ, ದಶಮಾಂಶ ಬಿಟ್ಟುಬಿಡಿ. ಬಂತಾ 3614090360? ಎರಡನೆಯದಕ್ಕೆ 2ರ ಸೈನ್, ಹೀಗೇ 64ರವರೆಗೆ. ಋಣಚಿಹ್ನೆ ಬಂದ್ರೆ ತೆಗೆದುಬಿಡಿ, ಅಷ್ಟೆ. (ಸೈನ್ ಪದದ ಬೇರು ಸಂಸ್ಕೃತದ 'ಜ್ಯಾ', ಅರಬ್ಬಿ, ಲ್ಯಾಟಿನ್ ಸುತ್ತಿ ನಮ್ಮ ಪಠ್ಯಪುಸ್ತಕಕ್ಕೆ ವಾಪಸ್ ಬಂದಿದ್ದು.) 2002ರ ಎಸ್‌ಎಚ್‌ಎ-256ನಲ್ಲಿ ಮೊದಲ 64 ಅವಿಭಾಜ್ಯ ಸಂಖ್ಯೆಗಳ ಘನಮೂಲಗಳಿಂದ ಸ್ಥಿರಾಂಕಗಳು ಬಂದವು. ಅದನ್ನು ಮಾಡಿದ್ದು ಅದೇ ಎನ್‌ಎಸ್‌ಎ!

ಹಾಗಂತ ಪ್ರಾಮಾಣಿಕ ಸಂಖ್ಯೆ ಇದ್ದರೆ ಸಾಕು ಅಂತಲ್ಲ. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ತಂಡ ಎಂಡಿ5 ಮುರಿಯಿತು. ಇನ್ನು ಡೇಟಾ ಟೈಪ್. ಈ ಲೆಕ್ಕ ಹಳೇ ಬೈಕಿನ ಮೀಟರ್ ಥರ: 32 ಬಿಟ್ ತುಂಬಿದ ಮೇಲೆ ಮತ್ತೆ ಸೊನ್ನೆಗೆ ತಿರುಗಲೇಬೇಕು. ರಿವೆಸ್ಟ್ ಕೊಟ್ಟ ಸಿ ಕೋಡ್‌ನಲ್ಲಿ ಅದಕ್ಕೆ 'ಅನ್‌ಸೈನ್ಡ್ ಲಾಂಗ್' ಬಳಸಿದ್ದರು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಅಂದ್ರೆ 64 ಬಿಟ್, ಮೀಟರ್ ತಿರುಗೋದೇ ಇಲ್ಲ, ಉತ್ತರ ತಪ್ಪು. ಖಚಿತವಾಗಿ 32 ಬಿಟ್ ಅಂತ ಹೇಳೋ ಹೆಸರು ಸಿ ಭಾಷೆಯ ಮಾನದಂಡಕ್ಕೆ ಬಂದಿದ್ದು 1999ರಲ್ಲಿ.

ನಿಜವಾದ ಕಲಬೆರಕೆಯ ಅನುಮಾನ ಬಂದಿದ್ದು ಹ್ಯಾಶ್‌ನಲ್ಲಲ್ಲ, ಅದರ ನೆಂಟ ಡ್ಯುಯಲ್ ಇಸಿ ಎಂಬ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ವಿಧಾನದಲ್ಲಿ. 2006ರ ಆ ಮಾನದಂಡದಲ್ಲಿ ಎರಡು ಬಿಂದುಗಳನ್ನು ಕೊಟ್ಟಿದ್ದರು, ಹೇಗೆ ಆರಿಸಿದರು ಅಂತ ಹೇಳಿರಲಿಲ್ಲ. ಅವೆರಡರ ಗುಟ್ಟಿನ ಸಂಬಂಧ ಗೊತ್ತಿದ್ದವರು ಮುಂದಿನ ಸಂಖ್ಯೆಗಳನ್ನೆಲ್ಲ ಊಹಿಸಬಹುದು ಅಂತ 2007ರಲ್ಲಿ ಮೈಕ್ರೋಸಾಫ್ಟ್‌ನ ಶುಮೊ ಮತ್ತು ಫರ್ಗ್ಯುಸನ್ ತೋರಿಸಿದರು. 2013ರಲ್ಲಿ ಸ್ನೋಡೆನ್ ದಾಖಲೆಗಳು ಹೊರಬಂದ ಮೇಲೆ, 2014ರಲ್ಲಿ ಅದನ್ನು ಕೈಬಿಟ್ಟರು.

ಅಷ್ಟಕ್ಕೇ ಮುಗೀಲಿಲ್ಲ. ಜುನಿಪರ್ ಕಂಪನಿಯ ಫೈರ್‌ವಾಲ್‌ಗಳಲ್ಲಿ ಇದೇ ವಿಧಾನ ಇತ್ತು, ಬಿಂದು ಮಾತ್ರ ಕಂಪನಿಯೇ ಆರಿಸಿಕೊಂಡದ್ದು. 2012ರಲ್ಲಿ ಯಾರೋ ಒಳಹೊಕ್ಕು ಆ ಜಾಗದಲ್ಲಿ ಬೇರೊಂದು ಬಿಂದು ಇಟ್ಟು ಹೋಗಿದ್ದರು. ಕೋಡ್ ಓದಿದವರಿಗೂ ಅದು ಬರೀ ಉದ್ದದ ಒಂದು ಸಂಖ್ಯೆ. ಗೊತ್ತಾಗಿದ್ದು 2015ರ ಡಿಸೆಂಬರ್‌ನಲ್ಲಿ. ಅದಕ್ಕೆ ಕಂಪನಿ ಕೊಟ್ಟ ಪ್ಯಾಚ್‌ನಲ್ಲಿ ಹಳೇ ಸಂಖ್ಯೆಯನ್ನೇ ವಾಪಸ್ ಕೂರಿಸಿದರು.