ಪರದೆಯ ಕೊನೆಯಲ್ಲಿ ಓಡುವ ಹೆಸರುಗಳು

ಪುಣೆಗೆ ಬಂದು ನೆಲೆಸಿದ ನಮ್ಮಲ್ಲಿ ಪ್ರಭಾತ್ ರೋಡ್ ನೋಡದವರು ಇರಲಿಕ್ಕಿಲ್ಲ. ಗಲ್ಲಿ ನಂಬರ್ ಹೇಳಿ ಮನೆ ಹುಡುಕುವ, ಮರಗಳ ನೆರಳಿನ ಆ ರಸ್ತೆಗೆ ಹೆಸರು ಬಂದದ್ದು ಒಂದು ಸಿನಿಮಾ ಕಂಪನಿಯಿಂದ ಎಂಬುದು ಮಾತ್ರ ನನ್ನ ಆಫೀಸಿನ ಹುಟ್ಟು ಪುಣೇಕರರಲ್ಲೂ ಅರ್ಧ ಜನಕ್ಕೆ ಗೊತ್ತಿಲ್ಲ. ಮಹಿಳಾ ವೇದಿಕೆಯ ಈ ಸಂಚಿಕೆಗೆ ಅಮೆರಿಕದ ಅನಿಮೇಷನ್ ಮತ್ತು ಸ್ಪೆಷಲ್ ಎಫೆಕ್ಟ್ಸ್ ಸ್ಟುಡಿಯೋಗಳ ಕಥೆ ಬರೆಯಲು ಕೂತ ನಾನು ಪ್ರಭಾತ್‌ನಿಂದ ಶುರುಮಾಡುತ್ತಿರುವುದಕ್ಕೆ ಕಾರಣವಿದೆ. ಅಲ್ಲಿನ ಹೆಸರಾಂತ ಎಫೆಕ್ಟ್ಸ್ ಸ್ಟುಡಿಯೋಗಳು ಹುಟ್ಟುವುದಕ್ಕೆ ಸುಮಾರು 40 ವರ್ಷ ಮೊದಲೇ, ಕಂಪ್ಯೂಟರ್ ಎಂಬ ಪದಾರ್ಥವೇ ಇಲ್ಲದ ಕಾಲದಲ್ಲಿ, ಈ ಊರಿನಲ್ಲಿ ಒಬ್ಬ ಸಂತನನ್ನು ಪರದೆಯ ಮೇಲೆ ಸಶರೀರ ವೈಕುಂಠಕ್ಕೆ ಕಳಿಸಿದವರಿದ್ದರು.

ಪ್ರಭಾತ್ ಫಿಲ್ಮ್ ಕಂಪನಿ ಶುರುವಾದದ್ದು 1929ರಲ್ಲಿ, ಕೊಲ್ಹಾಪುರದಲ್ಲಿ. ಐವರು ಪಾಲುದಾರರಲ್ಲಿ ವಿ. ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಎಸ್. ಫತ್ತೇಲಾಲ್, ಕೇಶವರಾವ್ ಧಾಯ್ಬರ್ ನಾಲ್ವರೂ ಬಾಬುರಾವ್ ಪೇಂಟರ್ ಅವರ ಗರಡಿಯಲ್ಲಿ ಪಳಗಿದವರು. ಈ ಬಾಬುರಾವ್ ವಿದೇಶಿ ಕ್ಯಾಮೆರಾ ಸಿಗದಿದ್ದಾಗ ತಾನೇ ಒಂದನ್ನು ಕಟ್ಟಿಕೊಂಡ ಮನುಷ್ಯ. ಕಂಪನಿ 1933ರಲ್ಲಿ ಪುಣೆಗೆ ಬಂತು. ಅದರ ಮರುವರ್ಷವೇ, ಅಂದರೆ 1934ರಲ್ಲಿ, ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲೇ. ಕನ್ನಡ ಸಿನಿಮಾ ಮಾತು ಕಲಿತದ್ದು ಮಹಾರಾಷ್ಟ್ರದ ನೆಲದಲ್ಲಿ ಎಂದು ನಮ್ಮ ಮರಾಠಿ ನೆರೆಹೊರೆಯವರಿಗೆ ಹೇಳಿದರೆ ಅವರಿಗೆ ನಮಗಿಂತ ಹೆಚ್ಚು ಖುಷಿ.

ಪ್ರಭಾತ್‌ನ ‘ಸಂತ ತುಕಾರಾಮ್’ ಬಂದದ್ದು 1936ರಲ್ಲಿ. ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ 57 ವಾರ ಓಡಿತು. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಕೊನೆಯ ದೃಶ್ಯದಲ್ಲಿ ಗರುಡನ ವಾಹನ ಇಳಿದು ಬಂದು ತುಕಾರಾಮರನ್ನು ಕೂರಿಸಿಕೊಂಡು ಮೇಲೇರುತ್ತದೆ. ಇವತ್ತು ಯೂಟ್ಯೂಬಿನಲ್ಲಿ ನೋಡುವ ನಮ್ಮ ಮಕ್ಕಳು ನಗಬಹುದು. ಆದರೆ ಆಗ ಇದ್ದ ಉಪಾಯಗಳೆಂದರೆ ತೆಗೆದ ಫಿಲ್ಮನ್ನೇ ಹಿಂದಕ್ಕೆ ಸುತ್ತಿ ಅದರ ಮೇಲೆ ಮತ್ತೊಮ್ಮೆ ಚಿತ್ರೀಕರಿಸುವುದು, ಚಿಕ್ಕ ಮಾದರಿ ಕಟ್ಟಿ ದೊಡ್ಡದೆಂದು ನಂಬಿಸುವುದು, ತಂತಿ, ಹೊಗೆ, ಕನ್ನಡಿ, ಬೆಳಕು. ಒಂದು ಕಡೆ ಕೈ ತಪ್ಪಿದರೂ ಅಷ್ಟೂ ಫಿಲ್ಮ್ ಹಾಳು. ನಮ್ಮ ‘ಅನ್‌ಡೂ’ ಬಟನ್ ಅವರಿಗಿರಲಿಲ್ಲ.

ಪ್ರಭಾತ್‌ನ ಲಾಂಛನದಲ್ಲಿ ತುತ್ತೂರಿ ಊದುವ ಒಬ್ಬ ಹೆಣ್ಣುಮಗಳಿದ್ದಾಳೆ. ಅದೇ ಸ್ಟುಡಿಯೋದ ಗೇಟಿನ ಮುಂದೆ 1939ರಲ್ಲಿ, ಕಂಪನಿಯ ಜೊತೆಗಿನ ಕರಾರಿನ ತಕರಾರಿನಲ್ಲಿ, ಅದರ ದೊಡ್ಡ ತಾರೆ ಶಾಂತಾ ಆಪ್ಟೆ ಉಪವಾಸ ಕೂತಿದ್ದರು. ಲಾಂಛನದಲ್ಲಿ ಊದುವುದು ಬೇರೆ, ಗೇಟಿನಲ್ಲಿ ನಿಂತು ಊದುವುದು ಬೇರೆ! 1953ರಲ್ಲಿ ಕಂಪನಿ ಮುಚ್ಚಿತು. 1960ರಲ್ಲಿ ಅದೇ ಜಾಗದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು.

ಈಗ ಅಮೆರಿಕಕ್ಕೆ ಹೋಗೋಣ, ಅದೂ ಒಂದು ಚಹಾ ಕೆಟಲಿನ ಮೂಲಕ. ನಾನು ಎಂಟೆಕ್ ಮಾಡುವಾಗ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬಿನಲ್ಲಿ ಎಲ್ಲರೂ ಮೊದಲು ಪರದೆಯ ಮೇಲೆ ಮೂಡಿಸುತ್ತಿದ್ದದ್ದು ಒಂದು ಟೀಪಾಟ್. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಸಾಕು, ಮೂತಿ, ಹಿಡಿ, ಮುಚ್ಚಳ ಸಮೇತ ಬರುತ್ತಿತ್ತು. ಚೆಂಡು, ಪೆಟ್ಟಿಗೆಗಳ ನಡುವೆ ಇದೊಂದು ಅಡುಗೆಮನೆಯ ಸಾಮಾನು ಯಾಕೆ ಎಂದು ನಾನು ಹುಡುಕಿ ಓದಿದ್ದು ಆಗ. 1970ರ ದಶಕದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಎಂಬ ಸಂಶೋಧಕ ಕಂಪ್ಯೂಟರಿನಲ್ಲಿ ಬಿಡಿಸಲು ಒಂದು ಒಳ್ಳೆಯ ಆಕಾರ ಹುಡುಕುತ್ತಿದ್ದ. ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹೆಂಡತಿ ಸಾಂಡ್ರಾ, ಈ ಚಹಾ ಸೆಟ್ಟನ್ನೇ ಯಾಕೆ ಬಿಡಿಸಬಾರದು ಎಂದಳು. ಆತ ಗ್ರಾಫ್ ಹಾಳೆಯ ಮೇಲೆ ಅದರ ರೂಪ ಎಳೆದ. ಉಬ್ಬಿದ ಹೊಟ್ಟೆ, ತೂತಿರುವ ಹಿಡಿ, ತನ್ನ ನೆರಳು ತನ್ನ ಮೇಲೆಯೇ ಬೀಳುವ ಮೂತಿ: ಗಣಿತದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಆಮೇಲೆ ಜಗತ್ತಿನ ಗ್ರಾಫಿಕ್ಸ್ ಲ್ಯಾಬುಗಳಲ್ಲೆಲ್ಲ ಅದೇ ಟೀಪಾಟ್. ಮೂಲ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಹೆಸರು ಮಾತ್ರ ‘ಯೂಟಾ ಟೀಪಾಟ್’ ಅಥವಾ ‘ನ್ಯೂವೆಲ್ ಟೀಪಾಟ್’. ಸಾಂಡ್ರಾ ಟೀಪಾಟ್ ಎಂದು ಯಾರೂ ಕರೆದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅದೇ ಯೂಟಾದಲ್ಲಿ ಓದುತ್ತಿದ್ದ ಎಡ್ ಕ್ಯಾಟ್ಮಲ್ 1972ರಲ್ಲಿ ತನ್ನ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಗೆರೆ ಎಳೆದು, ಅಳೆದು, ಕಂಪ್ಯೂಟರಿನಲ್ಲಿ ಬೆರಳು ಮಡಚುವ ಕೈಯನ್ನು ಮಾಡಿದ. ಪೂರ್ತಿ ಸಿನಿಮಾ ಒಂದನ್ನು ಹೀಗೆಯೇ ಮಾಡಬೇಕೆಂಬುದು ಅವನ ಆಸೆ. ಆ ಆಸೆ ಕೈಗೂಡಲು 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಡುವೆ ಬಂದವನು ಜಾರ್ಜ್ ಲೂಕಾಸ್. ‘ಸ್ಟಾರ್ ವಾರ್ಸ್’ಗೆ ಬೇಕಾದ ದೃಶ್ಯಗಳನ್ನು ಮಾಡಿಕೊಡುವ ವಿಭಾಗ ಯಾವ ದೊಡ್ಡ ಸ್ಟುಡಿಯೋದಲ್ಲೂ ಉಳಿದಿರಲಿಲ್ಲ. ಖರ್ಚು ದಂಡವೆಂದು ಮುಚ್ಚಿದ್ದರು. ಹಾಗಾಗಿ 1975ರಲ್ಲಿ ಲಾಸ್ ಏಂಜಲಿಸ್ ಹತ್ತಿರದ ವ್ಯಾನ್ ನೈಸ್‌ನ ಒಂದು ಗೋದಾಮಿನಲ್ಲಿ ಲೂಕಾಸ್ ತನ್ನದೇ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ ತೆರೆದ. ಅಲ್ಲಿ ಸೇರಿದವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಜಾನ್ ಡೈಕ್ಸ್ಟ್ರಾ ನೇತೃತ್ವದಲ್ಲಿ ಅವರು ಮಾಡಿದ್ದು ಮೂಲತಃ ಪ್ರಭಾತ್ ಮಾಡಿದ ಕೆಲಸವೇ: ಚಿಕ್ಕ ಮಾದರಿ, ಮತ್ತೆ ಮತ್ತೆ ಸುತ್ತುವ ಫಿಲ್ಮ್. ವ್ಯತ್ಯಾಸವೆಂದರೆ ಕ್ಯಾಮೆರಾದ ಚಲನೆಯನ್ನು ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು. ಮೊದಲ ಸಲ ಹೇಗೆ ಓಡಿತೋ ನೂರನೇ ಸಲವೂ ಕೂದಲೆಳೆ ತಪ್ಪದೆ ಹಾಗೆಯೇ ಓಡುತ್ತಿತ್ತು. ಹಡಗನ್ನು ಒಮ್ಮೆ, ಅದರ ದೀಪಗಳನ್ನು ಒಮ್ಮೆ, ನಕ್ಷತ್ರಗಳನ್ನು ಒಮ್ಮೆ ಬೇರೆ ಬೇರೆಯಾಗಿ ತೆಗೆದು ಒಂದರ ಮೇಲೊಂದು ಕೂರಿಸಬಹುದಾಯಿತು. ಚಿತ್ರ 1977ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು, ಮುಂದಿನದು ಎಲ್ಲರಿಗೂ ಗೊತ್ತು.

1979ರಲ್ಲಿ ಲೂಕಾಸ್ ಕಂಪ್ಯೂಟರ್ ವಿಭಾಗ ಕಟ್ಟಲು ಕರೆದದ್ದು ಆ ಕೈಯ ಕ್ಯಾಟ್ಮಲ್‌ನನ್ನೇ. 1982ರ ‘ಸ್ಟಾರ್ ಟ್ರೆಕ್’ ಎರಡನೇ ಚಿತ್ರಕ್ಕಾಗಿ ಈ ವಿಭಾಗ ಪೂರ್ತಿ ಕಂಪ್ಯೂಟರಿನಲ್ಲೇ ಸುಮಾರು ಒಂದು ನಿಮಿಷದ ದೃಶ್ಯ ಮಾಡಿತು. ಅದೇ ವರ್ಷ ಬಂದ ‘ಟ್ರಾನ್’ ಚಿತ್ರಕ್ಕೆ ಎಫೆಕ್ಟ್ಸ್ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಗಲಿಲ್ಲ. ಕಂಪ್ಯೂಟರ್ ಬಳಸುವುದು ಮೋಸವೆಂದು ಅಕಾಡೆಮಿಯವರು ಭಾವಿಸಿದ್ದರು ಎಂದು ಅದರ ನಿರ್ದೇಶಕ ಮುಂದೆ ಹೇಳಿಕೊಂಡಿದ್ದಾನೆ. ಕ್ಯಾಲ್ಕ್ಯುಲೇಟರ್ ಮುಟ್ಟಿದರೆ ಬೈಯುತ್ತಿದ್ದ ನಮ್ಮ ಶಾಲೆಯ ಗಣಿತದ ಮೇಷ್ಟ್ರು ನೆನಪಾಗುತ್ತಾರೆ.

ದುಡ್ಡಿನ ಅಡಚಣೆಗೆ ಸಿಕ್ಕಿದ ಲೂಕಾಸ್ 1986ರಲ್ಲಿ ಈ ವಿಭಾಗವನ್ನು ಸ್ಟೀವ್ ಜಾಬ್ಸ್‌ಗೆ 50 ಲಕ್ಷ ಡಾಲರಿಗೆ ಮಾರಿದ. ಜಾಬ್ಸ್ ಇನ್ನೂ 50 ಲಕ್ಷ ಹಾಕಿದ. ಸುಮಾರು 40 ಜನರ ಆ ಕಂಪನಿಯ ಹೆಸರು ಪಿಕ್ಸಾರ್. ಅವರು ಮಾರುತ್ತಿದ್ದದ್ದು ಕಂಪ್ಯೂಟರ್ ಯಂತ್ರ. ಸಿನಿಮಾ ಅದರ ಜಾಹೀರಾತಿನಂತೆ ಇತ್ತು. ಯಂತ್ರ ಓಡಲಿಲ್ಲ, ಜಾಹೀರಾತು ಓಡಿತು! ‘ಟಿನ್ ಟಾಯ್’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಬಂತು. ವರ್ಷಗಟ್ಟಲೆ ನಷ್ಟದಲ್ಲೇ ನಡೆದು, 1995ರ ನವೆಂಬರಿನಲ್ಲಿ ‘ಟಾಯ್ ಸ್ಟೋರಿ’ ಬಿಡುಗಡೆಯಾದಾಗ ಕ್ಯಾಟ್ಮಲ್‌ನ ಆಸೆ ಕೈಗೂಡಿತು. ಅದನ್ನು ಮೂಡಿಸಲು ಯಂತ್ರಗಳಿಗೆ ಒಟ್ಟು 8 ಲಕ್ಷ ಗಂಟೆ ಬೇಕಾಯಿತಂತೆ. ಮುಂದಿನ ಸಲ ನೋಡುವಾಗ ಪುಟ್ಟ ಹುಡುಗಿಯ ಚಹಾಕೂಟದ ದೃಶ್ಯ ಗಮನಿಸಿ, ಮೇಜಿನ ಮೇಲಿರುವುದು ಅದೇ ಟೀಪಾಟ್. ಇಷ್ಟರಲ್ಲಿ 1993ರ ‘ಜುರಾಸಿಕ್ ಪಾರ್ಕ್’ ಡೈನೋಸಾರ್‌ಗಳು ಬಂದು ಗೊಂಬೆ ಕುಣಿಸುವವರ ಕಾಲ ಮುಗಿಯಿತೆಂದು ಸಾರಿಯಾಗಿತ್ತು.

ಇನ್ನು ಮುಂದಿನದು ನಮ್ಮಂಥ ಐಟಿ ಹೆಂಗಸರು ಅಗತ್ಯವಾಗಿ ತಿಳಿದಿರಬೇಕಾದ ಕಥೆ. 1998ರಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಪಿಕ್ಸಾರ್‌ನ ಸರ್ವರಿನಲ್ಲಿ ಯಾರೋ ಎಲ್ಲವನ್ನೂ ಅಳಿಸುವ ಆಜ್ಞೆ ಓಡಿಸಿಬಿಟ್ಟರು. ನೋಡನೋಡುತ್ತಿದ್ದಂತೆ ವುಡಿಯ ಟೋಪಿ ಹೋಯಿತು, ಬೂಟು ಹೋಯಿತು, ವುಡಿಯೇ ಹೋದ. ಚಿತ್ರದ ಸುಮಾರು ಶೇಕಡ 90 ಭಾಗ ಮಾಯ. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಭೆ ಕರೆದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಗ್ಯಾಲಿನ್ ಸಸ್ಮನ್ ಎಂಬ ಮುಖ್ಯ ತಂತ್ರಜ್ಞೆ, ತನ್ನ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇರಬಹುದು ಎಂದಳು. ಆಕೆಗೆ ಆಗಷ್ಟೇ ಮಗುವಾಗಿತ್ತು. ಮನೆಯಿಂದ ಕೆಲಸ ಮಾಡುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಆಕೆ ಮಗು ನೋಡಿಕೊಳ್ಳುತ್ತ ಮನೆಯಲ್ಲೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯನ್ನು ಆಗಾಗ ಅಲ್ಲಿಗೆ ತರಿಸಿಕೊಳ್ಳುತ್ತಿದ್ದಳು. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂಸಿನ ಹಾಗೆ ಆಫೀಸಿಗೆ ತಂದರು. ಚಿತ್ರ ಉಳಿಯಿತು. (ಕಥೆ ಸರಿಯಿಲ್ಲವೆಂದು ಆಮೇಲೆ ಅದರ ಬಹುಭಾಗವನ್ನು ಅವರೇ ಬದಲಿಸಿದರು ಎನ್ನುವುದು ಬೇರೆ ಮಾತು.) 2023ರಲ್ಲಿ ಪಿಕ್ಸಾರ್ 75 ಜನರನ್ನು ಕೆಲಸದಿಂದ ತೆಗೆದಾಗ ಆ ಪಟ್ಟಿಯಲ್ಲಿ ಗ್ಯಾಲಿನ್ ಸಸ್ಮನ್ ಹೆಸರೂ ಇತ್ತು.

ಎಫೆಕ್ಟ್ಸ್ ವಿಭಾಗದ ಆಸ್ಕರ್ ಗೆದ್ದ ಮೊದಲ ಮಹಿಳೆ ಸುಝಾನ್ ಬೆನ್ಸನ್, ‘ಏಲಿಯನ್ಸ್’ ಚಿತ್ರಕ್ಕೆ, 1987ರಲ್ಲಿ. ಎರಡನೆಯವಳು ಸಾರಾ ಬೆನೆಟ್, 2016ರಲ್ಲಿ. ನಡುವೆ 29 ವರ್ಷ!

ಆಸ್ಕರ್ ಎಂದಾಗ 2013ರ ಫೆಬ್ರವರಿ 24ರ ರಾತ್ರಿಯ ಬಗ್ಗೆ ಹೇಳಲೇಬೇಕು. ಅಂದು ಶ್ರೇಷ್ಠ ಅನಿಮೇಷನ್ ಚಿತ್ರವಾಗಿ ಗೆದ್ದದ್ದು ಪಿಕ್ಸಾರ್‌ನ ‘ಬ್ರೇವ್’. ತಾಯಿ ಮಗಳ ಜಗಳದ ಆ ಕಥೆಯನ್ನು ಬ್ರೆಂಡಾ ಚಾಪ್ಮನ್ ತನ್ನ ಮತ್ತು ತನ್ನ ಮಗಳ ಸಂಬಂಧದಿಂದಲೇ ಎತ್ತಿಕೊಂಡಿದ್ದಳು. ಪಿಕ್ಸಾರ್‌ನ ಮೊದಲ ಮಹಿಳಾ ನಿರ್ದೇಶಕಿ ಎನಿಸಿಕೊಂಡಿದ್ದ ಆಕೆಯನ್ನು ಅರ್ಧ ದಾರಿಯಲ್ಲಿ ತೆಗೆದು ಬೇರೊಬ್ಬರಿಗೆ ಚಿತ್ರ ಒಪ್ಪಿಸಿದ್ದರು. ವೇದಿಕೆಯ ಮೇಲೆ ಇಬ್ಬರೂ ಒಟ್ಟಿಗೆ ನಿಂತು ಪ್ರಶಸ್ತಿ ಪಡೆದರು.

ಅದೇ ರಾತ್ರಿ ಎಫೆಕ್ಟ್ಸ್ ಪ್ರಶಸ್ತಿ ‘ಲೈಫ್ ಆಫ್ ಪೈ’ಗೆ ಬಂತು. ಪಾಂಡಿಚೇರಿಯ ಹುಡುಗನ ಜೊತೆ ದೋಣಿಯಲ್ಲಿದ್ದ ಹುಲಿಯನ್ನು ಸೃಷ್ಟಿಸಿದ್ದು ರಿದಮ್ ಅಂಡ್ ಹ್ಯೂಸ್ ಎಂಬ ಸ್ಟುಡಿಯೋ. ಅದಕ್ಕೆ ಮುಂಬಯಿ, ಹೈದರಾಬಾದುಗಳಲ್ಲೂ ಶಾಖೆಗಳಿದ್ದವು. ಪ್ರಶಸ್ತಿ ಬರುವುದಕ್ಕೆ ಎರಡು ವಾರ ಇರುವಾಗಲೇ ಅದು ದಿವಾಳಿ ಅರ್ಜಿ ಹಾಕಿತ್ತು. ಸಭಾಂಗಣದ ಹೊರಗೆ ನೂರಾರು ಎಫೆಕ್ಟ್ಸ್ ಕಲಾವಿದರು ಪ್ರತಿಭಟನೆ ನಡೆಸಿದ್ದರು. ಒಳಗೆ ಬಿಲ್ ವೆಸ್ಟನ್‌ಹೋಫರ್ ಪ್ರಶಸ್ತಿ ಹಿಡಿದು ತನ್ನ ಸ್ಟುಡಿಯೋದ ಕಷ್ಟ ಹೇಳಲು ಹೊರಟಾಗ, ಮಾತು ಸಾಕೆಂದು ‘ಜಾಸ್’ ಚಿತ್ರದ ಶಾರ್ಕ್ ಬರುವ ಸಂಗೀತ ನುಡಿಸಿ ಮೈಕ್ ಬಂದ್ ಮಾಡಿದರು.

ಗೆದ್ದ ಸ್ಟುಡಿಯೋ ದಿವಾಳಿಯಾಗುವುದು ಹೇಗೆ? ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲಸ ಶುರುವಾಗುವ ಮೊದಲೇ ಇಷ್ಟು ದುಡ್ಡು ಎಂದು ನಿಗದಿಯಾಗುತ್ತದೆ, ಫಿಕ್ಸ್ಡ್ ಬಿಡ್. ಆಮೇಲೆ ನಿರ್ದೇಶಕರಿಗೆ ಹುಲಿಯ ಮೀಸೆ ಇನ್ನೂ ಸ್ವಲ್ಪ ಒದ್ದೆಯಾಗಿರಬೇಕು ಅನಿಸಿದರೆ, ಆ ಬದಲಾವಣೆಯ ಖರ್ಚು ಬಹುಪಾಲು ಸ್ಟುಡಿಯೋದ ತಲೆಗೇ. ನಮ್ಮಲ್ಲಿ ಕನಿಷ್ಠ ಚೇಂಜ್ ರಿಕ್ವೆಸ್ಟ್ ಎಂದು ಮೇಲ್ ಹಾಕಿ ಜಗಳವಾದರೂ ಆಡುತ್ತೇವೆ. ಗಿರಾಕಿಗಳೋ ಬೆರಳೆಣಿಕೆಯ ದೊಡ್ಡ ಕಂಪನಿಗಳು, ಅವರೊಡನೆ ಮುನಿಸಿಕೊಳ್ಳುವಂತಿಲ್ಲ. ಸಾಲದ್ದಕ್ಕೆ ಕೆನಡಾ, ಬ್ರಿಟನ್ ತೆರಿಗೆ ರಿಯಾಯಿತಿ ಕೊಟ್ಟಲ್ಲಿಗೆ, ಕೂಲಿ ಕಡಿಮೆ ಇದ್ದಲ್ಲಿಗೆ ಕೆಲಸ ಹೋಗುತ್ತದೆ. ಚಿತ್ರ ಕೋಟಿಗಟ್ಟಲೆ ಗಳಿಸಿದರೆ ಅದರಲ್ಲಿ ಹುಲಿ ಮಾಡಿದವರಿಗೆ ಪಾಲಿಲ್ಲ.

ಹಾಗೆ ಕೆಲಸ ಬಂದು ಸೇರಿದ ಊರುಗಳಲ್ಲಿ ನಮ್ಮವೂ ಇವೆ. ಪುಣೆಯ ಬಿಗ್ ಅನಿಮೇಷನ್ ಸ್ಟುಡಿಯೋ ಬೆಂಗಳೂರು ಇಸ್ಕಾನ್ ಬಳಗದ ಇಂಡಿಯನ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ಮಾಡಿದ ‘ಲಿಟಲ್ ಕೃಷ್ಣ’ 2009ರಲ್ಲಿ ಟಿವಿಯಲ್ಲಿ ಬಂದಾಗ ಮಕ್ಕಳು ಮುಗಿಬಿದ್ದು ನೋಡಿದ್ದರು. ಬೆಂಗಳೂರಿನ ಕಲ್ಪನೆ, ಪುಣೆಯ ಕೈ! ಅದು ನಮ್ಮದೇ ಕಥೆ. ಆದರೆ ಹೆಚ್ಚಿನ ಕೆಲಸ ಬೇರೆಯವರ ಕಥೆಗೆ. ಬೆಂಗಳೂರಿನ ಟೆಕ್ನಿಕಲರ್ ಕಚೇರಿಯಲ್ಲಿ ಕೂತ ನಮ್ಮ ಹುಡುಗ ಹುಡುಗಿಯರು ಎಂಪಿಸಿ ಸ್ಟುಡಿಯೋದ ‘ಜಂಗಲ್ ಬುಕ್’, ‘ಲಯನ್ ಕಿಂಗ್’ ಚಿತ್ರಗಳಿಗೆ ಹಗಲಿರುಳು ದುಡಿದರು. ಒಂದೊಂದು ರೋಮ, ಒಂದೊಂದು ಹುಲ್ಲಿನ ಎಳೆ. ‘ಜಂಗಲ್ ಬುಕ್’ಗೆ 2017ರಲ್ಲಿ ಎಫೆಕ್ಟ್ಸ್ ಆಸ್ಕರ್ ಬಂದಾಗ ವೇದಿಕೆ ಹತ್ತಿದವರು ನಾಲ್ವರು.

ಆ ಸಾಲಿನ ‘ಮುಫಾಸಾ’ 2024ರ ಡಿಸೆಂಬರಿನಲ್ಲಿ ತೆರೆಕಂಡಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಪ್ಯಾರಿಸಿನ ಮೂಲ ಕಂಪನಿಗೆ ಸಾಲ ಹುಟ್ಟಲಿಲ್ಲ. ಲಂಡನ್, ಅಮೆರಿಕ, ಕೆನಡಾಗಳ ಜೊತೆ ಬೆಂಗಳೂರಿನ ಕಚೇರಿಯ ಬಾಗಿಲೂ ಮುಚ್ಚಿತು. ನಮ್ಮ ದೇಶದಲ್ಲಿ ಸುಮಾರು 3000 ಜನ ಕೆಲಸ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ‘ಮುಫಾಸಾ’ ಈಗಲೂ ಮನೆ ಮನೆಯ ಟಿವಿಯಲ್ಲಿ ಓಡುತ್ತಿದೆ. ಹಾಡು ಮುಗಿದ ಮೇಲೆ, ಪರದೆ ಕಪ್ಪಾಗಿ ಸಣ್ಣ ಅಕ್ಷರಗಳು ಮೇಲೇರತೊಡಗಿದಾಗ, ಬಹಳ ಹೊತ್ತಿನ ನಂತರ ಬೆಂಗಳೂರಿನವರ ಹೆಸರುಗಳು ಬರುತ್ತವೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ರಿಮೋಟ್ ಎತ್ತಿರುತ್ತಾರೆ.