ಗರಿಕೆ

ನೆಲಕ್ಕೆ ಅಂಟಿಕೊಂಡು ಹಬ್ಬುವ ಹುಲ್ಲು, ಸಂಸ್ಕೃತದಲ್ಲಿ ದೂರ್ವಾ. ಉತ್ತರ ಕರ್ನಾಟಕದವರ ಬಾಯಲ್ಲಿ ಕರಕಿ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಕೃಷ್ಣಗಿರಿ ಜಿಲ್ಲೆಯ ಬೇರಿಕೆಯ ಕಡೆ ಇದಕ್ಕೆ ಗರಿಕೆ, ಗರಿಕ, ಅರುಗಂಪುಲ್ಲು ಎಂಬ ಮೂರು ಹೆಸರು. ಮಲಯಾಳದ ಕರುಕವನ್ನೂ ಪಕ್ಕಕ್ಕಿಟ್ಟು ನೋಡಿದರೆ ಎಲ್ಲವೂ ಒಂದೇ ಮನೆತನದವು. ತಮಿಳಿನಲ್ಲಿ ಮೊದಲ ಕಕಾರ ಅಥವಾ ಗಕಾರ ಮಾತ್ರ ಇಲ್ಲ.

ಗರಿಕೆಯ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ರಾಗಿ ಹೊಲದಲ್ಲಿ ಕಿತ್ತೆಸೆದ ಒಂದು ತುಂಡು ಮಳೆ ಬಿದ್ದೊಡನೆ ಚಿಗುರುತ್ತದೆ. ರೈತನಿಗೆ ಇದು ಕಳೆ. ತ್ರಿಪದಿ ಹಾಡುವ ಹೆಣ್ಣುಮಗಳಿಗೆ ಮಾತ್ರ ಹರಕೆ: ತವರಿನ ಬಳ್ಳಿ ಹೊಳೆದಂಡೆಯ ಕರಕಿಯಂತೆ ಹಬ್ಬಲಿ ಎಂದು ಅವಳು ಹಾರೈಸುತ್ತಾಳೆ.

ಹುಲ್ಲು ಪೂಜೆಗೂ ಒದಗುತ್ತದೆ, ನಮ್ಮಲ್ಲೂ ಹಳೆಯ ರೋಮಿನಲ್ಲೂ. ಬೇರುಮಣ್ಣಿನ ಸಮೇತ ಅಗೆದು ತೆಗೆದ ಹುಲ್ಲುಹೆಂಟೆಗೆ ಲ್ಯಾಟಿನ್‌ನಲ್ಲಿ ಕೈಸ್ಪೆಸ್ ಎನ್ನುತ್ತಾರೆ. ರೋಮಿನ ಕವಿ ಹೊರೇಸ್‌ನ ಓಡ್‌ಗಳಲ್ಲಿ ಹಸಿ ಕೈಸ್ಪೆಸ್ಸೇ ಪೂಜೆಯ ವೇದಿಕೆ. ಕ್ರಿ.ಶ. 98ರ 'ಜರ್ಮಾನಿಯಾ'ದಲ್ಲಿ ಇತಿಹಾಸಕಾರ ಟ್ಯಾಸಿಟಸ್ ಹೇಳುವ ಜರ್ಮನರ ಗೋರಿಗೆ ಅದೇ ಹೊದಿಕೆ. ಸ್ಪ್ಯಾನಿಷ್‌ನಲ್ಲಿ ಹುಲ್ಲುಹಾಸಿಗೆ ಇಂದೂ ಹೆಸರು ಸೆಸ್ಪೆದ್.

ನಮ್ಮಲ್ಲಿ ಸಗಣಿ ಉಂಡೆ ಕಟ್ಟಿ, ನೆತ್ತಿಗೆ ನಾಲ್ಕು ಗರಿಕೆ ಸಿಕ್ಕಿಸಿದರೆ ಬೆನಕ ಸಿದ್ಧ. ಗುಡಿಯೂ ಬೇಡ, ಕಲ್ಲೂ ಬೇಡ. ರೋಮನರ ವೇದಿಕೆಯೂ ಹಾಗೆಯೇ, ನಿಂತ ನೆಲದಲ್ಲೇ ಸಿಕ್ಕುವ ಸಾಮಗ್ರಿ.