ದೆಹಲಿಯಿಂದ ದೋರಸಮುದ್ರಕ್ಕೆ: ನೂರು ದಿನ, ಹನ್ನೊಂದು ಗಂಟೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿ ಸಿಗುತ್ತದೆ. ಪಾರ್ಶ್ವನಾಥ, ಶಾಂತಿನಾಥ ಮತ್ತು ಆದಿನಾಥರ ಬಸದಿಗಳು ಇಲ್ಲಿವೆ. ಪಾರ್ಶ್ವನಾಥ ಬಸದಿ 1133ರಲ್ಲಿ ಕಟ್ಟಿದ್ದು. ಆಗ ಈ ಪ್ರದೇಶ ಹೊಯ್ಸಳರ ರಾಜಧಾನಿ ದೋರಸಮುದ್ರದ ಭಾಗವಾಗಿತ್ತು.

ಇಲ್ಲಿಂದ ದೆಹಲಿಗೆ ನೇರ ದೂರ ಎಷ್ಟು? ಎರಡೂ ಸ್ಥಳಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಲೆಕ್ಕ ಸುಲಭ. ದೆಹಲಿಯ ಅಕ್ಷಾಂಶ ಸುಮಾರು 28.6 ಡಿಗ್ರಿ, ಹಳೇಬೀಡಿನದು 13.2 ಡಿಗ್ರಿ. ವ್ಯತ್ಯಾಸ 15.4 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ.ನಂತೆ ಗುಣಿಸಿದರೆ ಸುಮಾರು 1,710 ಕಿ.ಮೀ. ಆಗುತ್ತದೆ. ರೇಖಾಂಶದ ಸಣ್ಣ ವ್ಯತ್ಯಾಸದಿಂದ ಇದಕ್ಕೆ ಕೂಡುವುದು ಕೆಲವೇ ಕಿಲೋಮೀಟರ್.

ಅಲ್ಲಾವುದ್ದೀನ್ ಖಲ್ಜಿಯ ಸೇನಾನಿ ಮಲಿಕ್ ಕಾಫೂರ್ 1310ರ ನವೆಂಬರ್‌ನಲ್ಲಿ ದೆಹಲಿಯಿಂದ ಹೊರಟು 1311ರ ಫೆಬ್ರವರಿ ಕೊನೆಯ ವೇಳೆಗೆ ದೋರಸಮುದ್ರವನ್ನು ತಲುಪಿದ. ಈ ದಂಡಯಾತ್ರೆಯನ್ನು ಆಸ್ಥಾನ ಕವಿ ಅಮೀರ್ ಖುಸ್ರೊ ದಾಖಲಿಸಿದ್ದಾನೆ. ದಾರಿಗೆ ಸುಮಾರು ನೂರು ದಿನ ಹಿಡಿಯಿತು. ನೇರ ದೂರದ ಲೆಕ್ಕದಲ್ಲಿ ದಿನಕ್ಕೆ 17 ಕಿ.ಮೀ. ಮಾತ್ರ! ನದಿ ದಾಟಬೇಕು, ಮೇವು ಕೂಡಿಸಬೇಕು, ಅಲ್ಲಲ್ಲಿ ತಂಗಬೇಕು. ದೊಡ್ಡ ಸೈನ್ಯ ಎಂದೂ ತನ್ನ ಅತಿ ನಿಧಾನದ ಗಾಡಿಗಿಂತ ವೇಗವಾಗಿ ಸಾಗಲಾರದು.

ಆದರೆ ಕೊನೆಯ ಹಂತದಲ್ಲಿ ಕಾಫೂರ್ ಲೆಕ್ಕವನ್ನೇ ಬದಲಿಸಿದ. ಆಯ್ದ ಹತ್ತು ಸಾವಿರ ಸವಾರರೊಂದಿಗೆ ಹನ್ನೆರಡು ದಿನಗಳಲ್ಲಿ ರಾಜಧಾನಿಯ ಮುಂದೆ ನಿಂತ. ಹೊರಟ ಸ್ಥಳವನ್ನು ಇತಿಹಾಸಕಾರರು ಪಂಢರಪುರವೆಂದು ಗುರುತಿಸುತ್ತಾರೆ. ಅದು ಸರಿಯಾದರೆ ಸುಮಾರು 500 ಕಿ.ಮೀ. ನೇರ ದೂರ, ಅಂದರೆ ದಿನಕ್ಕೆ 40 ಕಿ.ಮೀ.ಗೂ ಹೆಚ್ಚು. ಆಗ ಮೂರನೆಯ ಬಲ್ಲಾಳ ಪಾಂಡ್ಯ ಸೋದರರ ಕಲಹದ ಸಂದರ್ಭದಲ್ಲಿ ದಕ್ಷಿಣಕ್ಕೆ ಹೋಗಿದ್ದ. ಸುದ್ದಿ ತಿಳಿದು ಧಾವಿಸಿ ಬಂದರೂ ಸಮಯ ಮೀರಿತ್ತು. ಶರಣಾಗಿ ಆನೆ, ಕುದುರೆ, ಸಂಪತ್ತನ್ನು ಒಪ್ಪಿಸಬೇಕಾಯಿತು. ಸುದ್ದಿಯೂ ಕುದುರೆಯ ವೇಗದಲ್ಲೇ ಸಾಗುತ್ತಿದ್ದ ಕಾಲದಲ್ಲಿ, ರಾಜ್ಯದ ರಕ್ಷಣೆ ದೂರಕ್ಕಿಂತ ಹೆಚ್ಚಾಗಿ ಕಾಲವನ್ನು ಅವಲಂಬಿಸಿತ್ತು.

ಇಂದು ದೂರ ಅಷ್ಟೇ ಇದೆ. 2008ರ ಮೇ ತಿಂಗಳಲ್ಲಿ ಆರಂಭವಾದ ದೇವನಹಳ್ಳಿ ವಿಮಾನ ನಿಲ್ದಾಣದ ಅಕ್ಷಾಂಶವೂ ಸುಮಾರು 13.2 ಡಿಗ್ರಿ! ಆದ್ದರಿಂದ ಅಲ್ಲಿಂದ ದೆಹಲಿಗೂ ನೇರ ದೂರ ಸುಮಾರು 1,700 ಕಿ.ಮೀ. ಗಂಟೆಗೆ 800 ಕಿ.ಮೀ.ಗೂ ಮಿಗಿಲಾದ ವೇಗದ ವಿಮಾನಕ್ಕೆ ಇದು ಎರಡು ಗಂಟೆಯ ದಾರಿ. ಆದರೆ ಓಡುದಾರಿಯವರೆಗಿನ ಚಲನೆ, ಏರಿಕೆ, ಇಳಿಕೆ, ಗಾಳಿ ಮತ್ತು ನಿಗದಿತ ವಾಯುಮಾರ್ಗದ ತಿರುವುಗಳು ಸೇರಿ ಸುಮಾರು ಎರಡೂ ಮುಕ್ಕಾಲು ಗಂಟೆ ಬೇಕು.

ಬಸ್ತಿಹಳ್ಳಿಯಿಂದ ಹೊರಟವರಿಗೆ ಇಷ್ಟಕ್ಕೇ ಮುಗಿಯುವುದಿಲ್ಲ. ದೇವನಹಳ್ಳಿಗೆ ರಸ್ತೆಯಲ್ಲಿ ಸುಮಾರು ಐದು ಗಂಟೆ, ತಪಾಸಣೆಗೆ ಎರಡು ಗಂಟೆ, ದೆಹಲಿಯಲ್ಲಿ ಹೊರಬರಲು ಮತ್ತೊಂದು ಗಂಟೆ. ಒಟ್ಟು ಹನ್ನೊಂದು ಗಂಟೆಯ ಆಸುಪಾಸು. ಆಕಾಶದ 1,700 ಕಿ.ಮೀ.ಗಿಂತ ನೆಲದ ಇನ್ನೂರು ಚಿಲ್ಲರೆ ಕಿ.ಮೀ.ಗೇ ಹೆಚ್ಚು ಸಮಯ! ಕಾಫೂರನ ಸೈನ್ಯದಂತೆ ಇಲ್ಲೂ ಒಟ್ಟು ಅವಧಿಯನ್ನು ತೀರ್ಮಾನಿಸುವುದು ಅತಿ ನಿಧಾನದ ಭಾಗವೇ.

ಶಿಕ್ಷಕರು ಭೂಪಟವೊಂದನ್ನು ತೆರೆದು, ಒಂದೇ ರೇಖಾಂಶಕ್ಕೆ ಹತ್ತಿರವಿರುವ ಎರಡು ಊರುಗಳ ದೂರವನ್ನು ಇದೇ ರೀತಿ ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಬಹುದು. ಅನಂತರ ನಡಿಗೆ, ಕುದುರೆ, ಬಸ್ಸು, ವಿಮಾನಗಳಲ್ಲಿ ತಗಲುವ ಸಮಯವನ್ನು ಪಟ್ಟಿ ಮಾಡಿಸಿದರೆ, ಗಣಿತದ ತರಗತಿ ಇತಿಹಾಸದ ತರಗತಿಯೂ ಆದೀತು.